ಮಿಲಾರ್ ಚರ್ಚಿನ ಹಿಸ್ಟರಿ ಬರೆದ ನನ್ನ ಅನುಭವ

ಮಂಗಳೂರು ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚು, ನಾವೆಲ್ಲ ಬಾಯಲ್ಲಿ ಮಿಲಾರ್ ಅಂತಲೇ ಹೇಳೋದು, ಅದರ ಹಿಸ್ಟರಿ ಸರಿಯಾಗಿ ಬರೆದಿಡ್ಬೇಕು ಅಂತ ನನಗೆ ತುಂಬಾ ವರ್ಷದಿಂದ ಮನಸ್ಸಲ್ಲಿತ್ತು, ಯಾಕಂದ್ರೆ ನಮ್ಮ ಅಜ್ಜಿ ಮನೆಯವರ ಫಿರ್ಗಜ್ ಅದು, ಅಂದ್ರೆ ಅವರು ಸೇರಿದ ಚರ್ಚು. ಯಾರನ್ನ ಕೇಳಿದ್ರೂ "ಅದು ಪೋರ್ಚುಗೀಸರು ಕಟ್ಟಿದ್ದು" ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. ಅಷ್ಟು ಸುಲಭ ಇಲ್ಲ ಅದು. ನಾನು ಹೇಗೆ ಹುಡುಕಿದೆ, ಏನು ಸಿಕ್ಕಿತು ಅಂತ ಇಲ್ಲಿ ಬರೀತಿದ್ದೇನೆ, ತಮ್ಮ ಊರಿನ ಇಗರ್ಜಿ (ಚರ್ಚು) ಬಗ್ಗೆ ಬರೀಬೇಕು ಅಂತ ಇರೋರಿಗೆ ಉಪಯೋಗ ಆಗ್ಬಹುದು.

ನಾನು ಮೊದಲು ಹಿಡಿದದ್ದು ಒಂದು ಪ್ರಶ್ನೆಯನ್ನ. ಮಂಗಳೂರಲ್ಲಿ ರೊಸಾರಿಯೊ ಚರ್ಚು 1568ರಿಂದಲೇ ಉಂಟು, ಪೋರ್ಚುಗೀಸರ ಕೋಟೆ ಜೊತೆಗೇ ಬಂದದ್ದು. ಹಾಗಿರುವಾಗ ನಡೆದು ಹೋಗುವಷ್ಟು ಹತ್ತಿರದಲ್ಲಿ 1680ರಲ್ಲಿ ಇನ್ನೊಂದು ಚರ್ಚು ಯಾಕೆ ಬೇಕಾಯ್ತು? ಉತ್ತರ ಮಿಲಾರ್ ಕಟ್ಟಿದವರು ಯಾರು ಅನ್ನೋದರಲ್ಲೇ ಉಂಟು. ಬಿಷಪ್ ತೋಮಸ್ ದೆ ಕಾಸ್ತ್ರೊ ಪೋರ್ಚುಗೀಸರೇ ಅಲ್ಲ, ಗೋವಾದ ದಿವಾರ್ ದ್ವೀಪದ ಕೊಂಕಣಿ ಮನೆತನದವರು, ಥಿಯೇಟಿನ್ ಸಭೆಯ ಗುರುಗಳು, ಇವರನ್ನ ಕೆನರಾಕ್ಕೆ, ಅಂದ್ರೆ ನಮ್ಮ ಕರಾವಳಿಗೆ, ಕಳಿಸಿದ್ದು ರೋಮ್‌ನ ಪ್ರೊಪಗಾಂಡಾ, ಧರ್ಮಪ್ರಚಾರ ನೋಡ್ಕೊಳ್ಳೋ ಪೋಪರ ಕಚೇರಿ. ಆಗ ನಮ್ಮ ಕಡೆಯ ಚರ್ಚುಗಳ ಮೇಲೆ ಪೋರ್ಚುಗಲ್ ರಾಜನಿಗೆ ಹಕ್ಕಿತ್ತು, ಅದಕ್ಕೆ ಪದ್ರೊವಾದೊ ಅಂತಾರೆ, ಗೋವಾದ ಆರ್ಚ್‌ಬಿಷಪ್ ಕಡೆಯವರು ಈ ರೋಮ್‌ನ ಬಿಷಪ್‌ರನ್ನ ಒಪ್ಪಲೇ ಇಲ್ಲ. ಹಾಗಾಗಿ ಅವರಿಗೆ ಕೂರ್ಲಿಕ್ಕೆ ಬೇರೆ ಜಾಗ ಬೇಕಿತ್ತು. ಆ ಜಾಗ ಕೊಟ್ಟದ್ದು ಕೆಳದಿಯ ರಾಣಿ ಚೆನ್ನಮ್ಮ. ಹೌದು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಅದೇ ಚೆನ್ನಮ್ಮ. ಕನ್ನಡದ ರಾಣಿ ಕೊಟ್ಟ ಭೂಮಿಯಲ್ಲಿ, ಗೋವಾದ ಕೊಂಕಣಿ ಬಿಷಪ್, ಪೋರ್ಚುಗೀಸ್ ಕಡೆಯವರ ವಿರೋಧದ ಮಧ್ಯೆ ಕಟ್ಟಿದ ಚರ್ಚು ಇದು. ಇದನ್ನ ಗೊತ್ತು ಮಾಡ್ಕೊಂಡ ದಿನ ನನಗೆ ನಿದ್ದೆ ಬರ್ಲಿಲ್ಲ. ದೆ ಕಾಸ್ತ್ರೊ 1684ರಲ್ಲಿ ತೀರಿಕೊಂಡ್ರು, ಅವರನ್ನ ಮಣ್ಣು ಮಾಡಿದ್ದೂ ಮಿಲಾರಲ್ಲೇ.

ಆದ್ರೆ ಆ ಕಾಲದ ಗೋಡೆ ನೋಡ್ಬೇಕು ಅಂತ ಹೋದ್ರೆ ಏನೂ ಸಿಗ್ಲಿಕ್ಕಿಲ್ಲ. 1784ರ ಬೂದಿ ಬುಧವಾರ, ಅಂದ್ರೆ ಈಸ್ಟರಿಗೆ ಮುಂಚಿನ ಉಪವಾಸ ಕಾಲ ಶುರುವಾಗೋ ದಿನ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೊಲಿಕರನ್ನ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ್ರು, ಚರ್ಚುಗಳನ್ನ ಕೆಡವಿದ್ರು, ಮಿಲಾರ್ ಕೂಡ ಅದರಲ್ಲಿ ಹೋಯ್ತು. ಎಷ್ಟು ಜನ ಅಂತ ಕೇಳಿದ್ರೆ 30 ಸಾವಿರದಿಂದ 80 ಸಾವಿರದವರೆಗೆ ಒಬ್ಬೊಬ್ಬರದ್ದು ಒಂದೊಂದು ಲೆಕ್ಕ. ನಾನು ಒಂದೇ ನಂಬರ್ ಆರಿಸ್ಲಿಲ್ಲ, ಯಾರು ಹೇಳಿದ್ದು ಅಂತ ಹೆಸರು ಹಾಕಿ ಎಲ್ಲವನ್ನೂ ಬರೆದೆ. ಉದಾಹರಣೆಗೆ ಫ್ರಾನ್ಸಿಸ್ ಬುಕಾನನ್, ಈಸ್ಟ್ ಇಂಡಿಯಾ ಕಂಪನಿಗೋಸ್ಕರ ಸುತ್ತಿ ವರದಿ ಬರೆದವನು, 1801ರಲ್ಲಿ ಮಂಗಳೂರಿಗೆ ಬಂದವನು, ಆಗ ಬಂಧನದಿಂದ ವಾಪಸ್ ಬಂದ ಜನ ಇನ್ನೂ ಊರಲ್ಲಿ ಮನೆ ಕಟ್ಕೊಳ್ತಾ ಇದ್ರು, ಬಂಧನಕ್ಕೆ ಮುಂಚೆ 27 ಚರ್ಚು ಇತ್ತು ಅಂತ, ಮಂಗಳೂರು ಸುತ್ತಮುತ್ತಕ್ಕೆ 15 ಸಾವಿರ ಜನ ವಾಪಸ್ ಬಂದಿದ್ದಾರೆ ಅಂತ ಅವನು ಬರೆದ. ಘಟನೆ ಆಗಿ 17 ವರ್ಷಕ್ಕೆ ಕಿವಿಯಾರೆ ಕೇಳಿ ಬರೆದದ್ದು ಇದು, ನೂರು ವರ್ಷ ಆದ್ಮೇಲೆ ಬರೆದದ್ದಕ್ಕಿಂತ ನನಗೆ ಇದರ ಮೇಲೆ ಹೆಚ್ಚು ಭರವಸೆ. ನೋಟ್‌ಬುಕ್ಕಲ್ಲಿ ಪೇಜನ್ನ ಎರಡು ಭಾಗ ಮಾಡಿ, ಎಡಕ್ಕೆ ಆ ಕಾಲದವರೇ ಬರೆದದ್ದು, ಬಲಕ್ಕೆ ಆಮೇಲಿನವರು ಹೇಳಿದ್ದು ಅಂತ ಬರ್ಕೊಳ್ತಾ ಹೋದೆ, ಈ ಒಂದು ಅಭ್ಯಾಸ ನನ್ನನ್ನ ತುಂಬಾ ಕಾಪಾಡಿತು.

ಬಂಧನದ ನಂತರದ ಕಾಲಕ್ಕೆ ರಿಜಿಸ್ಟರುಗಳೇ ಜೀವಾಳ. ಬ್ಯಾಪ್ಟಿಸಂ, ಮದುವೆ, ಮರಣ, ಮೂರು ಬೇರೆ ಬೇರೆ ಪುಸ್ತಕ. ಹಳೇ ಶಾಯಿಯಲ್ಲಿ ಕಬ್ಬಿಣದ ಅಂಶ ಇರ್ತದೆ, ಅದು ಕಾಗದವನ್ನ ತಿಂದು ಅಕ್ಷರ ಇದ್ದ ಜಾಗದಲ್ಲೇ ತೂತು ಬಿದ್ದಿರ್ತದೆ, ಪುಟ ಎತ್ತಿದ್ರೆ ಹಿಂದಿನ ಪುಟದ ಅಕ್ಷರ ಆ ತೂತಲ್ಲಿ ಕಾಣ್ತದೆ. ಅದಕ್ಕೆ ದಯವಿಟ್ಟು ಜೆರಾಕ್ಸ್ ಮೆಷಿನ್ ಮೇಲೆ ಒತ್ತಿಸ್ಬೇಡಿ, ವಿಗಾರರ (ಚರ್ಚಿನ ಮುಖ್ಯ ಪಾದ್ರಿಯ) ಪರ್ಮಿಶನ್ ತಗೊಂಡು ಕಿಟಕಿ ಬೆಳಕಲ್ಲಿ ಫ್ಲ್ಯಾಶ್ ಇಲ್ಲದೆ ಮೊಬೈಲಲ್ಲಿ ಫೋಟೋ ತೆಗೀರಿ, ಪುಟದ ಅಡಿಗೆ ಒಂದು ಬಿಳಿ ಹಾಳೆ ಇಟ್ರೆ ಹಿಂದಿನ ಅಕ್ಷರ ಅಡ್ಡ ಬರೋದಿಲ್ಲ. ಎಂಟ್ರಿಗಳು ಲ್ಯಾಟಿನಲ್ಲಿ ಇರ್ತವೆ, ಆ ಭಾಷೆ ಗೊತ್ತಿಲ್ಲ ಅಂತ ಹೆದರ್ಬೇಡಿ, ಪ್ರತಿ ಎಂಟ್ರಿಯೂ ಒಂದೇ ಅಚ್ಚಿನದ್ದು: ತಾರೀಕು, ಮಗುವಿನ ಹೆಸರು, ಅಪ್ಪ ಅಮ್ಮ, ಗಾಡ್‌ಫಾದರ್ ಗಾಡ್‌ಮದರ್, ಕಡೆಗೆ ಪಾದ್ರಿಯ ಸಹಿ. ಹತ್ತು ಎಂಟ್ರಿ ಓದಿದ್ರೆ ಹನ್ನೊಂದನೇದು ತಾನಾಗಿ ಬರ್ತದೆ. ಗಾಡ್‌ಪೇರೆಂಟ್ಸ್ ಹೆಸರನ್ನ ಬಿಡ್ಲೇಬೇಡಿ, ಯಾವ ಮನೆಗೂ ಯಾವ ಮನೆಗೂ ನೆಂಟಸ್ತಿಕೆ ಇತ್ತು ಅಂತ ಗೊತ್ತಾಗೋದು ಅಲ್ಲಿಂದಲೇ.

ಒಂದು ಮನೆತನ ಕೆಲವು ವರ್ಷ ಒಂದು ಚರ್ಚಿನ ಪುಸ್ತಕದಲ್ಲಿ ಕಾಣದೆ ಹೋದ್ರೆ ವಂಶ ನಿಂತುಹೋಯ್ತು ಅಂತ ತಿಳ್ಕೊಬೇಡಿ. ಆ ಪದ್ರೊವಾದೊ ಜಗಳ 19ನೇ ಶತಮಾನದಲ್ಲೂ ಮುಗಿದಿರ್ಲಿಲ್ಲ, ಕೆಲವರು ಗೋವಾದ ಕಡೆ, ಕೆಲವರು ಕೇರಳದ ವೆರಾಪೊಲಿಯಲ್ಲಿದ್ದ, ರೋಮ್ ಕಡೆಯ ಕಾರ್ಮೆಲೈಟ್ ಪಾದ್ರಿಗಳ ಕಡೆ ಹೋದವರು, ಬೇರೆ ಚರ್ಚಿನ ರಿಜಿಸ್ಟರ್ ತೆಗೆದು ನೋಡ್ಬೇಕು. 1878ರ ಕೊನೆಗೆ ಇಟಲಿಯ ಜೆಸ್ವಿಟ್ ಪಾದ್ರಿಗಳು ಬಂದ್ರು, 1880ರಲ್ಲಿ ಅಲೋಶಿಯಸ್ ಕಾಲೇಜು ಶುರುವಾಯ್ತು, ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಹಾಗಾಗಿ ನಾನು ಅಲ್ಲಿ ಹೆಚ್ಚು ನಿಲ್ಲಲಿಲ್ಲ.

ಸಿಮಿತ್ರಿಯ (ಸಮಾಧಿ ಜಾಗದ) ಕಲ್ಲುಗಳಿಗೆ ಬೇರೆಯೇ ಉಪಾಯ ಬೇಕು. ಸವೆದ ಕಲ್ಲಿಗೆ ಸುಣ್ಣ, ಚಾಕ್‌ಪೀಸ್ ಉಜ್ಜೋರಿದ್ದಾರೆ, ಕಲ್ಲು ಹಾಳಾಗ್ತದೆ. ಮುಸ್ಸಂಜೆ ಹೊತ್ತಿಗೆ ಹೋಗಿ ಟಾರ್ಚನ್ನ ಕಲ್ಲಿನ ಬದಿಯಲ್ಲಿ ನೆಲಕ್ಕೆ ಸಮ ಹಿಡಿದು ಅಡ್ಡ ಬೆಳಕು ಬಿಡಿ, ಮಧ್ಯಾಹ್ನ ಬರೀ ನುಣ್ಣಗೆ ಕಂಡ ಕಲ್ಲಲ್ಲಿ ಇಸವಿಯ ಅಂಕಿಗಳು ನೆರಳಲ್ಲಿ ಎದ್ದು ಬರ್ತವೆ. ಜೊತೆಗೆ ಒಬ್ಬರು ಇರ್ಲಿ, ಒಬ್ಬರು ಟಾರ್ಚ್ ಹಿಡೀಲಿಕ್ಕೆ, ಒಬ್ಬರು ಬರೀಲಿಕ್ಕೆ.

ಈಗ ನಾವು ನೋಡೋ ಕಟ್ಟಡ 1911ರ ಕಾಲದ್ದು. ಅದಕ್ಕಿಂತ ಹಿಂದಿನ ಕಟ್ಟಡದ ಫೋಟೋ ಹಳೇ ಮನೆಗಳ ಪೆಟ್ಟಿಗೆಯಲ್ಲಿ ಇರೋ ಚಾನ್ಸ್ ಉಂಟು, ಮದುವೆ ಫೋಟೋದ ಹಿಂದೆ ಗೋಡೆಯ ಒಂದು ತುಂಡು ಕಂಡ್ರೂ ಸಾಕು. ಬೊಂಬಾಯಿಗೆ, ಗಲ್ಫಿಗೆ ಹೋದ ಮನೆಯವರ ಹತ್ರ ನಾನು ಈಗ ಅದನ್ನೇ ಕೇಳ್ತಾ ಇದ್ದೇನೆ. ನಿಮ್ಮಲ್ಲಿ ಇದ್ರೆ ಹಿಂದುಗಡೆ ಮೆತ್ತಗಿನ ಪೆನ್ಸಿಲಲ್ಲಿ ಯಾರು, ಯಾವ ವರ್ಷ ಅಂತ ಇವತ್ತೇ ಬರೆದಿಡಿ, ಹೆಸರು ಹೇಳ್ಲಿಕ್ಕೆ ಗೊತ್ತಿರೋ ಅಜ್ಜಿಯಂದಿರು ಇನ್ನೂ ಇರುವಾಗಲೇ.