ಡಾಲಾದ ಮೇಲೊಂದು ಮಡಚುವ ಮೇಜು

ಪುಣೆಯಲ್ಲಿ ಪ್ಲಂಬಿಂಗ್, ವೈರಿಂಗ್, ಅಲ್ಯುಮಿನಿಯಂ ಕಿಟಕಿ ಕೆಲಸ ಹಿಡಿದಿರುವ ನಮ್ಮ ಕಡೆಯವರಲ್ಲಿ ಸ್ವಂತ ಪಿಕಪ್ ಇಟ್ಟುಕೊಂಡವರು ಬಹಳ ಮಂದಿ. ಸಾಮಾನು ಸಾಗಿಸಲು ಗಾಡಿ ಇದೆ, ಆದರೆ ಸೈಟಿನಲ್ಲಿ ಪೈಪು ಕತ್ತರಿಸುವುದು, ಚೂಡಿ (ತಿರುಪಿನ ಗೀರು) ಹಾಕುವುದು ಎಲ್ಲ ನೆಲದ ಮೇಲೆ, ಕುಕ್ಕರುಗಾಲಿನಲ್ಲಿ. ಗಾಡಿಯ ಹಿಂಬಾಗಿಲಿಗೇ ಮಡಚುವ ಮೇಜು ಕೂರಿಸಿಕೊಂಡರೆ ಸೊಂಟ ಉಳಿಯುತ್ತದೆ. ಆ ಹಿಂಬಾಗಿಲನ್ನು ಹಿಂದಿಯವರು ಡಾಲಾ ಅನ್ನುತ್ತಾರೆ, ಮರಾಠಿಯವರು ಫಾಳಕಾ. ಅಂಗಡಿಯಲ್ಲಿ ಈ ಎರಡು ಮಾತೇ ನಡೆಯುವುದರಿಂದ ಇಲ್ಲಿಯೂ ಡಾಲಾ ಎಂದೇ ಬರೆದಿದೆ.

ಮೊದಲು ತಿಳಿಯಬೇಕಾದದ್ದು: ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ಗಾಡಿಗಳಲ್ಲಿ ಡಾಲಾ ತೆರೆದರೆ ಅಡ್ಡಡ್ಡ ನಿಲ್ಲುತ್ತದೆ, ಎರಡು ಬದಿಯ ಪಟ್ಟಿ ಅದನ್ನು ಹಿಡಿದಿರುತ್ತದೆ. ನಮ್ಮ ಸಾಮಾನು ಗಾಡಿಗಳ ಡಾಲಾ ಹಾಗಲ್ಲ. ಕೊಂಡಿ ಬಿಚ್ಚಿದರೆ ಪೂರ್ತಿ ಕೆಳಗೆ ಜೋತು ಬೀಳುತ್ತದೆ. ಅದರ ಕೀಲುಗಳನ್ನು ಬಾಗಿಲು ತೂಗಲೆಂದು ಮಾಡಿರುತ್ತಾರೆ, ಮೇಜು ಹೊರಲೆಂದಲ್ಲ. ಆದ್ದರಿಂದ ಈ ಕೆಲಸದಲ್ಲಿ ಎಲ್ಲವೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಮೇಜಿನ ಮೇಲೆ ಬಿದ್ದ ಭಾರ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತದೆ?

ಅಳತೆ ಮತ್ತು ಸಾಮಾನು

ಡಾಲಾದ ಒಳಮೈಗೆ ಒಂದು ಹಲಗೆ ಕಾಯಂ ಕೂರುತ್ತದೆ. ಅದರ ಮೇಲೆ ಮುಖಕ್ಕೆ ಮುಖ ಕೊಟ್ಟು ಇನ್ನೊಂದು ಹಲಗೆ ಮಡಚಿಕೊಂಡಿರುತ್ತದೆ. ಡಾಲಾ ಅಡ್ಡ ಮಲಗಿಸಿ ಎರಡನೆಯದನ್ನು ಹೊರಕ್ಕೆ ಮಗುಚಿದರೆ ಎರಡೂ ಸೇರಿ ಒಂದೇ ಮೇಜು. ಮಡಚಿದಾಗ ಕೆಲಸದ ಮೈ ಒಳಗೆ ಮುಚ್ಚಿಕೊಳ್ಳುವುದರಿಂದ ಸಿಮೆಂಟು, ಜಲ್ಲಿ ಅದಕ್ಕೆ ತಾಗುವುದಿಲ್ಲ.

ಡಾಲಾದ ಎತ್ತರ 400 ಮಿ.ಮೀ. ಇದ್ದರೆ ಒಳಹಲಗೆ 1200×380, ಹೊರಹಲಗೆ 1200×350. ಒಳಹಲಗೆಯ ಅಂಚು ಡಾಲಾದ ಮೇಲಂಚಿಗೆ ಸಮವಾಗಿರಲಿ, ತಳದಲ್ಲಿ 20 ಮಿ.ಮೀ. ಬಿಡಿ. ಡಾಲಾ ಇನ್ನೂ ಅಗಲವಿದ್ದರೂ ಉದ್ದ 1200 ದಾಟಿಸಬೇಡಿ, ಎರಡೂ ತುದಿಯಲ್ಲಿ ಕೊಂಡಿ ಎಳೆಯಲು ಕೈ ಆಡಬೇಕು. ಟಾಟಾ ಏಸ್‌ನಂಥ ಚಿಕ್ಕ ಗಾಡಿಯ ಡಾಲಾ ಇದಕ್ಕಿಂತ ಗಿಡ್ಡ. ಅಲ್ಲಿ ಎರಡೂ ಹಲಗೆಯನ್ನು ಅದೇ ಲೆಕ್ಕದಲ್ಲಿ ಇಳಿಸಿಕೊಳ್ಳಿ.

ಹಲಗೆಗೆ 12 ಮಿ.ಮೀ. ಶಟರಿಂಗ್ ಪ್ಲೈ ಒಳ್ಳೆಯದು, ಎರಡೂ ಮುಖಕ್ಕೆ ಕಂದು ಫಿಲ್ಮ್ ಅಂಟಿಸಿರುವಂಥದ್ದು. ಅದರ ಮೇಲೆ ಐಎಸ್ 4990 ಎಂಬ ಮುದ್ರೆ ನೋಡಿ. ಸಿಗದಿದ್ದರೆ ಐಎಸ್ 710ರ ಮರೈನ್ ಪ್ಲೈ. ಐಎಸ್ 303ರ ಮಾಮೂಲಿ ಎಂಆರ್ ಪ್ಲೈ ಅಗ್ಗ, ಆದರೆ ಒಂದು ಮಳೆಗಾಲಕ್ಕೆ ಅಂಚು ಉಬ್ಬುತ್ತದೆ. ಎರಡೂ ಹಲಗೆ ಅರ್ಧ ಶೀಟಿನಲ್ಲಿ ಸಿಗುತ್ತವೆ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಪ್ಲೈ, ರವಿವಾರ ಪೇಠೆಯ ಬೊಹರಿ ಆಳಿಯಲ್ಲಿ ಹಿಂಜು (ಮಡಚುವ ಕೀಲು), ಸರಪಳಿ, ನಟ್ಟು-ಬೋಲ್ಟು ನೋಡಬಹುದು.

ಕಬ್ಬಿಣದ ಲೆಕ್ಕ ಹೀಗೆ: 20×20×1.6 ಮಿ.ಮೀ. ಸ್ಕ್ವೇರ್ ಪೈಪು 6 ಮೀಟರಿನದು ಒಂದು, 32×5 ಮಿ.ಮೀ. ಪಟ್ಟಿ ಎರಡೂವರೆ ಮೀಟರು, ಕಾಲುಗಳಿಗೆ 32×32×2 ಮತ್ತು 25×25×2ರ ಪೈಪು ತಲಾ ಒಂದು ಮೀಟರು, 6 ಮಿ.ಮೀ. ಗ್ಯಾಲ್ವನೈಸ್ಡ್ ಸರಪಳಿ ಒಂದೂವರೆ ಮೀಟರು, 4 ಇಂಚಿನ ದಪ್ಪ ಹಿಂಜು ಮೂರು, ಮಡಚಿದ ಹಲಗೆಯನ್ನು ಬಿಚ್ಚದಂತೆ ಹಿಡಿಯುವ ಟವರ್ ಬೋಲ್ಟು (ಚಿಲಕ) ಎರಡು. 20ರ ಪೈಪಿನಲ್ಲಿ ಒಟ್ಟು 5.73 ಮೀಟರು ಬಳಕೆಯಾಗುತ್ತದೆ, ಉಳಿಯುವುದು ಒಂದು ಗೇಣು. ಒಂದೇ ಒಂದು ಉದ್ದ ತುಂಡು ತಪ್ಪಿದರೂ ಇನ್ನೊಂದು ಪೈಪು ತರಬೇಕು, ಹಾಗಾಗಿ 1200ರ ನಾಲ್ಕು ತುಂಡು ಮೊದಲು, 310ರ ಮೂರು ತುಂಡು ಆಮೇಲೆ ಕತ್ತರಿಸಿ.

ಡಾಲಾ ಕಳಚಿ, ಆಮೇಲೆ ವೆಲ್ಡಿಂಗ್

ಗಾಡಿಯ ಮೇಲೆ ವೆಲ್ಡಿಂಗ್ ಬೇಡ. ಈಗಿನ ಬಿಎಸ್6 ಗಾಡಿಗಳಲ್ಲಿ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಇದೆ, ಬ್ಯಾಟರಿ ಬಿಚ್ಚದೆ ವೆಲ್ಡಿಂಗ್ ಹೊಡೆದರೆ ಅದು ಸುಟ್ಟುಹೋಗಬಹುದು. ಸಿಎನ್‌ಜಿ ಗಾಡಿಯಾದರಂತೂ ಸಿಲಿಂಡರಿನ ಹತ್ತಿರ ಕಿಡಿಯೇ ಹಾರಬಾರದು. ಡಾಲಾವನ್ನು ಕೀಲಿನಿಂದ ಕಳಚಿ ಫ್ಯಾಬ್ರಿಕೇಶನ್ ಅಂಗಡಿಗೆ ಒಯ್ಯಿರಿ. ಡಾಲಾಕ್ಕೆ ಸಹ ಏನನ್ನೂ ಬೆಸೆಯಬೇಡಿ, ಬೋಲ್ಟಿನಿಂದಲೇ ಕೂರಿಸಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. ಬಿಚ್ಚಿ ಇಡಬಹುದಾದ ಮೇಜು ಗಾಡಿಯ ಉದ್ದ ಅಗಲ ಯಾವುದನ್ನೂ ಬದಲಿಸುವುದಿಲ್ಲ, ಪಾಸಿಂಗಿನ (ಫಿಟ್‌ನೆಸ್ ತಪಾಸಣೆಯ) ದಿನ ಮನೆಯಲ್ಲೇ ಬಿಡಬಹುದು.

ಹೊರಹಲಗೆಗೆ 1200×350ರ ಚೌಕಟ್ಟು, ನಡುವೆ ಒಂದು ಅಡ್ಡ. ಬೆಸೆಯುವ ಮೊದಲು ಮೂಲೆಮಟ್ಟ, ಅಂದರೆ ಇಲ್ಲಿಯ ಮಾತಿನ ಗುಣ್ಯಾ, ಇಟ್ಟು ನೋಡಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ, ವ್ಯತ್ಯಾಸ 2 ಮಿ.ಮೀ. ಒಳಗಿರಬೇಕು. ನಾಲ್ಕೂ ಮೂಲೆಗೆ ಮೊದಲು ಚುಕ್ಕೆ ಹೊಡೆದು ಆಮೇಲೆ ಎದುರುಬದುರು ಮೂಲೆಯಂತೆ ಪೂರ್ತಿ ಮಾಡಿ. ಒಂದೇ ಕಡೆಯಿಂದ ಹೊಡೆಯುತ್ತ ಹೋದರೆ 1.6 ಮಿ.ಮೀ. ಪೈಪು ಶಾಖಕ್ಕೆ ತಿರುಚಿಕೊಳ್ಳುತ್ತದೆ, ಆ ತಿರುಚು ಆಮೇಲೆ ಮೇಜಿನ ಒಂದು ಮೂಲೆ ಎದ್ದು ಕೂತಂತೆ ಕಾಣುತ್ತದೆ.

ಒಳಹಲಗೆಗೆ ಚೌಕಟ್ಟು ಬೇಡ. 1200ರ ಎರಡು ಪೈಪುಗಳನ್ನು ಡಾಲಾಕ್ಕೆ ಎಂ8 (8 ಮಿ.ಮೀ.) ಬೋಲ್ಟು, ಅಗಲ ವಾಷರು, ಅಲುಗಾಟಕ್ಕೆ ಸಡಿಲಾಗದ ನೈಲಾಕ್ ನಟ್ಟಿನಿಂದ ಬಿಗಿಯಿರಿ, ಒಂದೊಂದಕ್ಕೆ ನಾಲ್ಕು ಬೋಲ್ಟು. ಹಲಗೆ ಅವುಗಳ ಮೇಲೆ. ನಡುವಿನ ಜಾಗದಲ್ಲಿ 20 ಮಿ.ಮೀ. ದಪ್ಪದ ರಬ್ಬರ್ ಪ್ಯಾಡ್ ಎರಡು ಇಟ್ಟರೆ ಸುತ್ತಿಗೆ ಏಟಿಗೆ ಹಲಗೆ ಕುಣಿಯುವುದಿಲ್ಲ. ಎರಡೂ ತುದಿ ತೆರೆದೇ ಇರಲಿ, ಒಳಗೆ ಸೇರಿದ ಮರಳನ್ನು ನೀರಿನ ಪೈಪು ಹಿಡಿದು ತೊಳೆಯಲು ಅದೇ ದಾರಿ.

ಹಿಂಜು: ಮೇಜು ಮುರಿಯುವ ಜಾಗ

ಇಂಥ ಮೇಜು ಕೆಡುವುದು ಹೆಚ್ಚಾಗಿ ಹಿಂಜಿನ ಹತ್ತಿರ. ಬಡಗಿಯ ಕೈಗೆ ಕೊಟ್ಟರೆ ಹಿಂಜನ್ನು ಪ್ಲೈ ಅಂಚಿಗೇ ಸ್ಕ್ರೂ ಹೊಡೆದು ಕೊಡುತ್ತಾರೆ. ಕೆಲವು ವಾರ ಗಟ್ಟಿಯಾಗಿಯೇ ಇರುತ್ತದೆ. ಆಮೇಲೆ ಸ್ಕ್ರೂ ಕೂತ ಜಾಗದಲ್ಲಿ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ: ಪ್ಲೈ ಚಿರೋಟಿಯ ಪದರದಂತೆ ಬಿಟ್ಟುಕೊಂಡಿರುತ್ತದೆ, ಸ್ಕ್ರೂ ಬೆರಳಲ್ಲೇ ತಿರುಗುತ್ತದೆ. ಪ್ಲೈ ಮುಖದಿಂದ ಒಳಹೊಕ್ಕ ಸ್ಕ್ರೂ ಎಲ್ಲ ಪದರವನ್ನೂ ಕಚ್ಚುತ್ತದೆ. ಅಂಚಿನಿಂದ ಹೊಕ್ಕದ್ದು ಎರಡು ಪದರದ ನಡುವೆ ಬೆಣೆಯಾಗಿ ಕೂರುತ್ತದೆ, ಅಷ್ಟೇ.

ಎಳೆತ ಎಷ್ಟು ಬೀಳುತ್ತದೆ ಎಂದು ನೋಡಿ. ಹೊರಹಲಗೆಯ ತುದಿಯಲ್ಲಿ 100 ಕಿಲೋ ಭಾರ, ಕೆಳಗೆ ಕಾಲಿಲ್ಲ ಎಂದಿಟ್ಟುಕೊಳ್ಳಿ. ಭಾರ ಹಿಂಜಿನಿಂದ 350 ಮಿ.ಮೀ. ದೂರ. ಅದನ್ನು ತಡೆಯಲು ಹಿಂಜಿಗೆ ಸಿಗುವುದು ಸುಮಾರು 30 ಮಿ.ಮೀ. ಎತ್ತರದ ಅಂಚು ಮಾತ್ರ. ಅಂದರೆ ಹಿಂಜಿನ ಮೇಲೆ ಎಳೆತ ಹನ್ನೊಂದು ಹನ್ನೆರಡು ಪಟ್ಟು, ಒಂದು ಟನ್ನಿಗೂ ಹೆಚ್ಚು. ಮೂರು ಹಿಂಜು, ಎಂಥ ಸ್ಟೀಲಿನದಾದರೂ, ಇದನ್ನು ದಿನಾ ತಾಳುವುದಿಲ್ಲ. ಅದಕ್ಕೇ ಹೊರಹಲಗೆಗೆ ಕಾಲು ಬೇಕೇ ಬೇಕು.

ಹಿಂಜು ಕೂರಿಸಲು 32×5ರ ಪಟ್ಟಿಯನ್ನು ನಿಲ್ಲಿಸಿ ಪೈಪಿನ ಹೊರಮೈಗೆ ಬೆಸೆಯಿರಿ, ಎರಡೂ ಕಡೆಗೆ ಒಂದೊಂದು. ಒಳಹಲಗೆಯ ಕಡೆ ಡಾಲಾಕ್ಕೆ ಬೋಲ್ಟು ಬಿಗಿಯುವ ಮೊದಲೇ ಪೈಪಿಗೆ ಪಟ್ಟಿ ಬೆಸೆದುಕೊಳ್ಳಬೇಕು. ಪೈಪು 20, ಪ್ಲೈ 12, ಒಟ್ಟು 32. ಪಟ್ಟಿಯ ಮೇಲಂಚು ಪ್ಲೈ ಮೈಗೆ ಸರಿಯಾಗಿ ಸಮ ಬರುತ್ತದೆ, ನೀರು ಕುಡಿಯುವ ಅಂಚನ್ನೂ ಮುಚ್ಚುತ್ತದೆ. ಪಟ್ಟಿಯಲ್ಲಿ 5 ಮಿ.ಮೀ. ತೂತು ಕೊರೆದು ಎಂ6 ಟ್ಯಾಪ್ ಹೊಡೆದು ಒಳಗೆ ಚೂಡಿ ಮಾಡಿ. ಹಿಂಜಿನ ತೂತನ್ನು 6 ಮಿ.ಮೀ.ಗೆ ಹಿಗ್ಗಿಸಿ, ತಲೆ ಒಳಗಿಳಿಯುವ ಸಿಎಸ್‌ಕೆ ಬೋಲ್ಟು ಹಾಕಿ, ಚೂಡಿಗೆ ಲಾಕ್ ಅಂಟು ಹಚ್ಚಿ. ಹಿಂಜಿನ ಗುಂಡು, ಅಂದರೆ ಅದು ತಿರುಗುವ ಉರುಟು ಭಾಗ, ಹಲಗೆ ಎರಡೂ ಸೇರುವ ಗೆರೆಯಲ್ಲಿ, ಮೇಲ್ಮೈಯ ಮಟ್ಟದಲ್ಲಿ ಬರಬೇಕು. ಕೆಳಗಿಳಿದರೆ ಹಲಗೆ ಪೂರ್ತಿ ಮಡಚುವುದಿಲ್ಲ. ಒತ್ತಿ ಮುಚ್ಚಿದರೆ ಹಿಂಜೇ ಬಾಗುತ್ತದೆ. ಮೂರು ಹಿಂಜಿನ ಗುಂಡುಗಳೂ ಒಂದೇ ಸಾಲಿನಲ್ಲಿರಲಿ, ದಾರ ಕಟ್ಟಿ ನೋಡಿ.

ಸರಪಳಿ ಮತ್ತು ಕಾಲು

ಡಾಲಾವನ್ನು ಅಡ್ಡ ಹಿಡಿಯುವುದು ಎರಡು ಸರಪಳಿ. ಡಾಲಾದ ಎತ್ತರ 400, ಸರಪಳಿಯ ಇನ್ನೊಂದು ತುದಿ ಕಟ್ಟುವ ಬಾಡಿಯ ಮೂಲೆಕಂಬದ ಬಿಂದುವೂ ಅಷ್ಟೇ ಎತ್ತರದಲ್ಲಿದ್ದರೆ ಸರಪಳಿಯ ಉದ್ದ ಸುಮಾರು 565 ಮಿ.ಮೀ. ಡಾಲಾದ ಅಂಚಿನಲ್ಲಿ 100 ಕಿಲೋ ಇಟ್ಟರೆ ಒಂದೊಂದು ಸರಪಳಿಗೆ 70 ಕಿಲೋ ಎಳೆತ. 6 ಮಿ.ಮೀ. ಸರಪಳಿ ಇದನ್ನು ಆರಾಮಾಗಿ ಹೊರುತ್ತದೆ. ಹರಿಯುವುದು ಸರಪಳಿಯಲ್ಲ, ಅದನ್ನು ಕಟ್ಟಿದ ತಗಡು. ತಲೆಯಲ್ಲಿ ಬಳೆಯಿರುವ ಎಂ10 ಐ-ಬೋಲ್ಟಿನ ಹಿಂದೆ 50×50×5ರ ಪ್ಲೇಟು ಕೊಡದಿದ್ದರೆ ತೂತು ದಿನದಿನಕ್ಕೆ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಸರಪಳಿಗೆ ಹಳೇ ಸೈಕಲ್ ಟ್ಯೂಬು ತೊಡಿಸಿದರೆ ಬಣ್ಣವೂ ಉಳಿಯುತ್ತದೆ, ಗಲಗಲ ಸದ್ದೂ ಇರುವುದಿಲ್ಲ.

ಕಾಲುಗಳು ಒಂದರೊಳಗೊಂದು ಜಾರುವಂತಿರಬೇಕು, ಏಕೆಂದರೆ ಗಾಡಿಯ ಎತ್ತರ ಸ್ಥಿರವಲ್ಲ. ಸಿಮೆಂಟು ಚೀಲ ಇಳಿಸಿದ ಕೂಡಲೇ ಹಿಂದಿನ ಪಟ್ಟಾ, ಅಂದರೆ ಸ್ಪ್ರಿಂಗು, ಎತ್ತಿಕೊಳ್ಳುತ್ತದೆ. 32ರ ಪೈಪು 450 ಮಿ.ಮೀ., ಅದರೊಳಗೆ 25ರದು 450. 25ರೊಳಗೆ 20ರ ಪೈಪು ಸರಿಹೋಗುತ್ತದೆ ಎಂದು ಕೆಲವರು ತರುತ್ತಾರೆ. ಲೆಕ್ಕಕ್ಕೆ ಹೋಗಬೇಕು, ಆದರೆ ಪೈಪಿನ ಒಳಗಿರುವ ವೆಲ್ಡಿಂಗ್ ಗೆರೆ ಅಡ್ಡ ಬಂದು ನಡುವೆಯೇ ಕಚ್ಚಿಕೊಳ್ಳುತ್ತದೆ. 25 ಮಿ.ಮೀ.ಗೊಂದರಂತೆ 8.5ರ ತೂತು, 8 ಮಿ.ಮೀ. ಪಿನ್ನು, ಅದು ಜಾರದಂತೆ ಆರ್-ಕ್ಲಿಪ್. ಪಾದಕ್ಕೆ ಎಂ12 ಬೋಲ್ಟಿನ ಮೇಲೆ ಬೆಸೆದ 50×50ರ ಪ್ಲೇಟು ಇದ್ದರೆ ಕೊನೆಯ ಮಟ್ಟವನ್ನು ತಿರುಗಿಸಿ ಹೊಂದಿಸಬಹುದು. ಹೊರಹಲಗೆಯ ಮೂಲೆಯಲ್ಲಿ ಎರಡು ಕಿವಿಪಟ್ಟಿಯ ನಡುವೆ ಎಂ10 ಬೋಲ್ಟಿನ ಮೇಲೆ ಕಾಲು ತಿರುಗಲಿ, ಅದಕ್ಕಿಂತ 35 ಮಿ.ಮೀ. ಕೆಳಗೆ ಇನ್ನೊಂದು ಪಿನ್ನು ಅದನ್ನು ನೆಟ್ಟಗೆ ಹಿಡಿಯಲಿ.

ತೆರೆಯುವ ಕ್ರಮ ಮುಖ್ಯ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಡಾಲಾ ಇಳಿಸಿ, ಸರಪಳಿ ಬಿಗಿಯಾಗಲಿ. ಟವರ್ ಬೋಲ್ಟು ತೆಗೆದು ಹೊರಹಲಗೆ ಎತ್ತಿ, ಅದು ನೆಟ್ಟಗೆ ನಿಂತಿರುವಾಗಲೇ ಕಾಲು ಬಿಡಿಸಿ ಪಿನ್ನು ಹಾಕಿ, ಆಮೇಲೆ ಮಲಗಿಸಿ. ಮೇಜು ತೆರೆದಿರುವಾಗ ಗಾಡಿಯೊಳಗೆ ಯಾರಾದರೂ ಹತ್ತಿದರೆ ಬಾಡಿ ಕುಸಿಯುತ್ತದೆ, ಕಾಲು ಕುಸಿಯುವುದಿಲ್ಲ. ಸರಪಳಿ ಸಡಿಲಾಗಿ ಆ ಇಕ್ಕಟ್ಟೆಲ್ಲ ಹಿಂಜಿಗೆ. ಹತ್ತಲೇಬೇಕಾದರೆ ಮೊದಲು ಕಾಲನ್ನು ಒಂದು ತೂತಿನಷ್ಟು ಗಿಡ್ಡ ಮಾಡಿ ಪಿನ್ನು ಹಾಕಿಕೊಳ್ಳಿ.

ಗಾಡಿಯ ನೆಲ 700 ಮಿ.ಮೀ. ಎತ್ತರದಲ್ಲಿದ್ದರೆ ಮೇಜಿನ ಮೈ ಸುಮಾರು 730ಕ್ಕೆ ಬರುತ್ತದೆ. ನಿಂತು ವೈರಿಂಗ್ ಬಾಕ್ಸ್ ಜೋಡಿಸುವವರಿಗೆ ಇದು ತಗ್ಗು, ಕೆಳಗೊಂದು ಪೆಟ್ಟಿಗೆ ಇಟ್ಟುಕೊಳ್ಳಲಿ. ಪ್ಲಂಬರಿಗೆ ಮಾತ್ರ ಇದೇ ಸರಿ. 150-170 ಮಿ.ಮೀ. ಎತ್ತರದ ವೈಸ್ (ಪೈಪು ಕಚ್ಚಿ ಹಿಡಿಯುವ ಸಾಧನ) ಕೂರಿಸಿದರೆ ಅದರ ಬಾಯಿ ಮೊಣಕೈ ಮಟ್ಟಕ್ಕೆ, 900ರ ಹತ್ತಿರ ಬರುತ್ತದೆ. ವೈಸನ್ನು ಕಾಲಿನ ನೇರ ಮೇಲೆಯೇ ಇಡಿ, ಹಲಗೆಯ ನಡುವೆ ಇಟ್ಟರೆ ರೆಂಚ್ ಎಳೆದಾಗಲೆಲ್ಲ ಚೌಕಟ್ಟು ತಿರುಚುತ್ತದೆ. ಗ್ರೈಂಡರ್ ಹಿಡಿಯುವಾಗ ಮೇಲೆ ಒಂದು ಜಿಐ ತಗಡು ಹಾಸಿ, ಇಲ್ಲದಿದ್ದರೆ ಕಿಡಿ ಬಿದ್ದಲ್ಲೆಲ್ಲ ಫಿಲ್ಮ್ ಸುಟ್ಟು ನೀರಿಗೆ ಬಾಯಿ ತೆರೆಯುತ್ತದೆ.

ಮಳೆ, ಉಪ್ಪುಗಾಳಿ

ಕಬ್ಬಿಣಕ್ಕೆ ಜಿಂಕ್ ಪ್ರೈಮರ್, ಮೇಲೆ ಎರಡು ಕೋಟು ಪೇಂಟು. ಪ್ಲೈ ತೂತುಗಳನ್ನು 10 ಮಿ.ಮೀ. ಕೊರೆದು ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ 8 ಮಿ.ಮೀ. ಕೊರೆಯಿರಿ. ಬೋಲ್ಟು ಮರವನ್ನು ಮುಟ್ಟುವುದೇ ಇಲ್ಲ, ನೀರೂ ಇಳಿಯುವುದಿಲ್ಲ. ಗೋವಾದ ವಾಸ್ಕೋ, ಮಾಪುಸಾ ಕಡೆ ಉಪ್ಪುಗಾಳಿಯಲ್ಲಿ ಕೆಲಸ ಮಾಡುವವರಿಗೆ ಪೇಂಟು ಸಾಲದು. ಹಿಂಜು, ಬೋಲ್ಟು 316 ಸ್ಟೇನ್‌ಲೆಸ್ ಸ್ಟೀಲಿನವು ಹಾಕಿ, ಚೌಕಟ್ಟಿಗೆ ಬಿಸಿ ಗ್ಯಾಲ್ವನೈಸಿಂಗ್ ಮಾಡಿಸಿ. ಆದರೆ ತುದಿ ಮುಚ್ಚಿದ ಪೈಪಿಗೆ ಗಾಳಿತೂತು ಕೊರೆಯದೆ ಕಳಿಸಬೇಡಿ, ಒಳಗೆ ಸಿಕ್ಕ ನೀರು ಕಾದ ಸತುವಿನಲ್ಲಿ ಆವಿಯಾಗಿ ಪೈಪು ಸಿಡಿಯುತ್ತದೆ. ಹಾಗೆ ಮುಚ್ಚಿದ ಒಂದೊಂದು ಪೈಪಿಗೂ ಎರಡು ತುದಿಯಲ್ಲಿ, ಎದುರುಬದುರು ಮೂಲೆಯಂತೆ, 10 ಮಿ.ಮೀ. ತೂತು ಒಂದೊಂದು ಬೇಕು.

ಮೇಜು ಪೂರ್ತಿ ಸೇರಿ 20 ಕಿಲೋ ಆಸುಪಾಸು ಬರುತ್ತದೆ, ಡಾಲಾ ಎತ್ತುವಾಗ ಅದು ಕೈಗೆ ಗೊತ್ತಾಗುತ್ತದೆ. ಮುಚ್ಚಿದ ಮೇಲೆ ಟವರ್ ಬೋಲ್ಟು ಎರಡೂ ಒಳಗೆ ಹೊಕ್ಕಿವೆಯೇ ಎಂದು ಬೆರಳಿಟ್ಟು ನೋಡಿ. ಕಾತ್ರಜ್ ಘಾಟಿನ ತಿರುವುಗಳಲ್ಲಿ ಒಂದು ಬಿಚ್ಚಿಕೊಂಡರೂ ಹೊರಹಲಗೆ ಒಳಗಿನ ಸಾಮಾನಿನ ಮೇಲೆ ಬಡಿಯುತ್ತ ಹೋಗುತ್ತದೆ. ಹಿಂದಿನ ಕೆಂಪು ರಿಫ್ಲೆಕ್ಟರ್ ಪಟ್ಟಿ, ದೀಪ, ನಂಬರ್ ಪ್ಲೇಟು ಇವುಗಳ ಮೇಲೆ ಸರಪಳಿಯೋ ಪಿನ್ನಿನ ದಾರವೋ ಜೋತು ಬಿದ್ದಿರಬಾರದು. ಮೊದಲ ವಾರದ ಕೊನೆಗೆ ಎಂ8 ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿಯಿರಿ. ಹೊಸ ಪೇಂಟು ವಾಷರಿನ ಕೆಳಗೆ ಕೂತು ಎಲ್ಲವೂ ಅರ್ಧ ಸುತ್ತು ಸಡಿಲಾಗಿರುತ್ತವೆ.