ನಾಲ್ವರು ಮೇರಿಯರು, ಇಬ್ಬರು ಮಾರ್ಗರೆಟ್‌ಗಳು: ಟ್ಯೂಡರ್–ಸ್ಟುವರ್ಟ್ ವಂಶವೃಕ್ಷ ಬರೆಯುವ ಬಗೆ

16ನೇ ಶತಮಾನದಲ್ಲಿ ಇಂಗ್ಲೆಂಡನ್ನು ಟ್ಯೂಡರ್ ಮನೆತನವೂ ಸ್ಕಾಟ್ಲೆಂಡನ್ನು ಸ್ಟುವರ್ಟ್ ಮನೆತನವೂ ಆಳುತ್ತಿದ್ದವು. ಆ ಚರಿತ್ರೆ ಓದಲು ಕೂತವರು ಹತ್ತು ಪುಟ ದಾಟುವಷ್ಟರಲ್ಲಿ ಯಾವ ಮೇರಿ ಯಾರ ಮಗಳು ಎಂದು ತಡಕಾಡತೊಡಗುತ್ತಾರೆ. ರಾಜರ ಪಟ್ಟಿ ಹಿಡಿದು ಹೊರಟರೆ ಈ ಗೋಜಲು ಬಿಡಿಸಲಾಗದು. ಸ್ಕಾಟ್ಲೆಂಡಿನ ದೊರೆಗೆ ಇಂಗ್ಲೆಂಡಿನ ಪಟ್ಟ ದಕ್ಕಿದ್ದೇ ಹೆಣ್ಣುಮಕ್ಕಳ ಕಡೆಯಿಂದ. ಹಾಗಾಗಿ ಹೆಂಗಸರನ್ನು ಹಿಡಿದೇ ವೃಕ್ಷ ಬರೆಯಬೇಕು.

ಎ3 ಹಾಳೆಯನ್ನು ಅಡ್ಡ ಇಟ್ಟು ಪೆನ್ಸಿಲಿನಲ್ಲಿ ಐದು ಸಾಲು ಎಳೆಯಿರಿ. ಒಂದು ತಲೆಮಾರಿಗೆ ಒಂದು ಸಾಲು. ಎಡ ಅರ್ಧ ಪೂರ್ತಿ ಒಂದೇ ಕವಲಿಗೆ ಬೇಕು, ಅಲ್ಲಿ ಇಕ್ಕಟ್ಟು ಮಾಡಬೇಡಿ.

ಶುರು ಮಾಡುವುದು ಕೆಳಗಿನಿಂದ. ಐದನೇ ಸಾಲಿನ ಎಡಭಾಗದಲ್ಲಿ ಜೇಮ್ಸ್ (ಜನನ 1566): ಸ್ಕಾಟ್ಲೆಂಡಿಗೆ ಆರನೆಯವನು, 1603ರಿಂದ ಇಂಗ್ಲೆಂಡಿಗೆ ಮೊದಲನೆಯವನು. ಅವನ ಮೇಲೆ ತಾಯಿ, ಸ್ಕಾಟ್ಲೆಂಡಿನ ರಾಣಿ ಮೇರಿ (1542). ಅವಳ ಮೇಲೆ ತಂದೆ ಐದನೇ ಜೇಮ್ಸ್, ತಾಯಿ ಫ್ರಾನ್ಸಿನ ಗೀಸ್ ಮನೆತನದ ಮೇರಿ. ಎರಡನೇ ಸಾಲಿನಲ್ಲಿ ಐದನೇ ಜೇಮ್ಸನ ತಾಯಿ, ಅಂದರೆ ಮೇರಿಯ ಅಜ್ಜಿ, ಮಾರ್ಗರೆಟ್ ಟ್ಯೂಡರ್ (1489). ಈಗ ಆರನೇ ಜೇಮ್ಸನ ತಂದೆಯ ಕಡೆ ಹತ್ತಿ. ತಂದೆ ಲಾರ್ಡ್ ಡಾರ್ನ್ಲಿ, ಅವನ ತಾಯಿ ಮಾರ್ಗರೆಟ್ ಡಗ್ಲಸ್ (1515), ಅವಳ ತಾಯಿ ಮತ್ತೆ ಅದೇ ಮಾರ್ಗರೆಟ್ ಟ್ಯೂಡರ್! ಹೆಸರನ್ನು ಎರಡು ಸಲ ಬರೆಯದೆ ಎರಡೂ ಗೆರೆಗಳನ್ನು ಒಂದೇ ಚೌಕಕ್ಕೆ ಸೇರಿಸಿ. 1503ರಲ್ಲಿ ನಾಲ್ಕನೇ ಜೇಮ್ಸನನ್ನು ಮದುವೆಯಾದ ಅವಳು, 1513ರಲ್ಲಿ ಅವನು ಫ್ಲಾಡನ್ ಯುದ್ಧದಲ್ಲಿ ಸತ್ತ ಮೇಲೆ, ಮರುವರ್ಷ ಸ್ಕಾಟ್ಲೆಂಡಿನ ಸರದಾರನಾದ ಆಂಗಸ್‌ನ ಅರ್ಲ್‌ನನ್ನು ವರಿಸಿದಳು. ಮಗ ಮೊದಲ ಗಂಡನಿಗೆ, ಮಗಳು ಎರಡನೆಯವನಿಗೆ.

ಎಡವುವುದು ಇಲ್ಲೇ. ಮಾರ್ಗರೆಟ್ ಡಗ್ಲಸ್‌ಳನ್ನು ಬಿಟ್ಟರೆ ಡಾರ್ನ್ಲಿ ಬರೀ ಚೆಲುವ ಗಂಡನಾಗಿ ಉಳಿಯುತ್ತಾನೆ, 1565ರಲ್ಲಿ ಸ್ಕಾಟ್ಲೆಂಡಿನ ಮೇರಿಯೊಂದಿಗೆ ಆದ ಅವನ ಮದುವೆ ಇಂಗ್ಲೆಂಡಿನ ರಾಣಿ ಎಲಿಜಬೆತ್‌ಗೆ ಯಾಕೆ ಚುಚ್ಚಿತು ಎಂಬುದು ತಿಳಿಯುವುದಿಲ್ಲ. ಇಂಗ್ಲೆಂಡಿನ ಪಟ್ಟಕ್ಕಿದ್ದ ಎರಡು ಹಕ್ಕು ಒಂದೇ ಮನೆಗೆ ಸೇರಿದ್ದವು. (ಡಾರ್ನ್ಲಿ ಮೇರಿಗೆ ಸೋದರತ್ತೆಯ ಮಗ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ವರಸೆ ಕೂಡುವ ಸಂಬಂಧ. ಅವರಿಗೆ ಪೋಪ್ ಅನುಮತಿ ಬೇಕಿತ್ತು.)

ಉಳಿದದ್ದು ಸುಲಭ. ಮೊದಲ ಸಾಲಿಗೆ ಏಳನೇ ಹೆನ್ರಿ, ಯಾರ್ಕ್ ಮನೆತನದ ಎಲಿಜಬೆತ್. ಎರಡನೆಯದರಲ್ಲಿ ಮಾರ್ಗರೆಟ್ ಪಕ್ಕ ಎಂಟನೇ ಹೆನ್ರಿ, ತಂಗಿ ಮೇರಿ (1496). ಹೆನ್ರಿಯ ಕೆಳಗೆ ಮೊದಲನೇ ಮೇರಿ (1516), ಎಲಿಜಬೆತ್ (1533), ಆರನೇ ಎಡ್ವರ್ಡ್ (1537). ತಂಗಿ ಮೇರಿಯ ಕೆಳಗೆ ಮಗಳು ಫ್ರಾನ್ಸಿಸ್, ಮೊಮ್ಮಗಳು ಜೇನ್ ಗ್ರೇ: 1553ರಲ್ಲಿ ಒಂಬತ್ತು ದಿನದ ರಾಣಿ.

ಈಗ ತಾಳೆ ನೋಡಿ. ಎಲಿಜಬೆತ್ ಮೂರನೇ ಸಾಲಿನಲ್ಲೂ ಸ್ಕಾಟ್ಲೆಂಡಿನ ಮೇರಿ ನಾಲ್ಕನೆಯದರಲ್ಲೂ ಇರಬೇಕು. ಇಬ್ಬರೂ ಒಂದೇ ಸಾಲಿಗೆ ಬಂದಿದ್ದರೆ ‘ಕಸಿನ್’ ಎಂಬ ಪದ ನಿಮ್ಮನ್ನು ದಾರಿ ತಪ್ಪಿಸಿದೆ. ಎಲಿಜಬೆತ್‌ಗೆ ಮೇರಿ ಸೋದರತ್ತೆಯ ಮೊಮ್ಮಗಳು.

‘ರಾಣಿ’ ಎಂದಷ್ಟೇ ಬರೆದರೂ ಸಾಲದು. ತಾನೇ ಆಳಿದವಳಿಗೆ ಕೆಂಪು ಚುಕ್ಕೆ, ರಾಜನ ಹೆಂಡತಿಗೆ ನೀಲಿ, ಮಗುವಿನ ಪರವಾಗಿ ರಾಜ್ಯ ನಡೆಸಿದವಳಿಗೆ ಹಸಿರು. ಗೀಸ್‌ನ ಮೇರಿಗೆ ನೀಲಿ, ಹಸಿರು ಎರಡೂ ಬೀಳುತ್ತವೆ: 1554ರಿಂದ 1560ರಲ್ಲಿ ಸಾಯುವವರೆಗೆ ಮಗಳ ಪರವಾಗಿ ಆಳಿದಳು. ಆರು ದಿನದ ಕೂಸಾಗಿದ್ದಾಗಲೇ ಪಟ್ಟಕ್ಕೆ ಬಂದ ಆ ಮಗಳಿಗೆ ಕೆಂಪು, ಜೊತೆಗೆ ಫ್ರಾನ್ಸಿನ ದೊರೆಯ ಹೆಂಡತಿಯೂ ಆಗಿದ್ದಕ್ಕೆ ನೀಲಿ.

ಇಸವಿಯನ್ನು ಕೊನೆಗೆ ಶಾಯಿಯಲ್ಲಿ ತುಂಬಿ. ಇಂಗ್ಲೆಂಡಿನಲ್ಲಿ ಆಗ ಹೊಸ ವರ್ಷ ಮಾರ್ಚ್ 25ಕ್ಕೆ. ಸ್ಕಾಟ್ಲೆಂಡಿನ ಮೇರಿಯ ಶಿರಚ್ಛೇದವಾದ 1587ರ ಫೆಬ್ರವರಿ 8 ಅಲ್ಲಿನ ಹಳೆಯ ಲೆಕ್ಕದಲ್ಲಿ 1586. ಎಲಿಜಬೆತ್ ತೀರಿಕೊಂಡ 1603ರ ಮಾರ್ಚ್ 24, 1602ರ ಕಟ್ಟಕಡೆಯ ದಿನ. ಇಂಥ ಕಡೆ 1586/87, 1602/03 ಎಂದು ಎರಡನ್ನೂ ಬರೆಯಿರಿ.