ಒಂದು ‘ನೀನು’ ಹಾಕಲು ಎರಡು ವರ್ಷ

ಜಪಾನಿನ ಅನಿಮೆ ಸರಣಿ ‘ಮೊರಿಬಿತೊ’ದ 26 ಕಂತಿಗೂ ಕನ್ನಡ ಸಬ್‌ಟೈಟಲ್ ಮುಗಿಸಿದೆ. “ಇಂಗ್ಲಿಷ್ ಇದೆಯಲ್ಲ, ಇದೆಲ್ಲ ಯಾಕೆ ಬೇಕು ಮಾರಾಯ” ಎಂದಿದ್ದ ಗೆಳೆಯರೇ ಹೋದ ತಿಂಗಳು ನಮ್ಮ ಮನೆ ಹಾಲ್‌ನಲ್ಲಿ ರಾತ್ರಿ ಎರಡರವರೆಗೆ ಕೂತು ನೋಡಿದರು. ಸ್ವಲ್ಪ ಜಂಬ ಇದೆ, ಇರಲಿ.

ಇಂಗ್ಲಿಷ್‌ನಲ್ಲಿ ದೊರೆಗೂ ‘ಯೂ’, ಸೇತುವೆ ಕೆಳಗಿನ ಹುಡುಗ ತೋಯಾನಿಗೂ ‘ಯೂ’. ಆದರೆ ಈ ಕಥೆಯ ರಾಜಕೀಯ ಇರುವುದೇ ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎಂಬುದರಲ್ಲಿ. ಮೊದಲ ದೊರೆ ನೀರಿನ ರಾಕ್ಷಸನನ್ನು ಕೊಂದು ನಾಡು ಕಟ್ಟಿದ ಅನ್ನುತ್ತದೆ ಕಥೆ ನಡೆಯುವ ಹೊಸ ಯೋಗೋ ನಾಡಿನ ಅರಮನೆ. ಅಲ್ಲಿ ಮೊದಲಿನಿಂದ ಇದ್ದ ಯಾಕೂ ಜನ ಹೇಳುವುದೇ ಬೇರೆ: ಅದು ರಾಕ್ಷಸನಲ್ಲ, ಅದರ ಮೊಟ್ಟೆ ಉಳಿಯದಿದ್ದರೆ ಬರ. ಮೂಲ ಕಾದಂಬರಿ ಬರೆದ ಉಎಹಾಶಿ ನಾಹೊಕೊ ಆಸ್ಟ್ರೇಲಿಯಾದ ಮೂಲನಿವಾಸಿಗಳ ನಡುವೆ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ. ಇದು ಸುಮ್ನೆ ಹೊಳೆದ ಕಥೆ ಅಲ್ಲ.

ನನ್ನ ದೊಡ್ಡ ತಪ್ಪು ಶುರುವಿನಲ್ಲೇ ಆಯಿತು. ಅರಮನೆಯವರಿಗೆ ಗ್ರಂಥದ ಕನ್ನಡ ಕೊಟ್ಟೆ, ಯಾಕೂಗಳಿಗೆ ಹಳ್ಳಿ ಕನ್ನಡ. ಎಂಟು ಕಂತು ಮುಗಿಸಿ ತೋರಿಸಿದೆ. ಯಾಕೂ ಮಂತ್ರವಾದಿ ಮುದುಕಿ ತೊರೊಗಾಯಿ “ಏನ್ಲಾ” ಅಂದಾಗಲೆಲ್ಲ ಎಲ್ಲರೂ ಗೊಳ್ಳೆಂದು ನಕ್ಕರು. ಇಡೀ ಕಥೆಯಲ್ಲಿ ನಿಜ ಗೊತ್ತಿರುವವಳೇ ಅವಳು! ನಮ್ಮ ಸಿನಿಮಾಗಳು ಕೆಲಸದವರಿಗೆ ಮಾಡಿದ್ದನ್ನೇ ನಾನೂ ಮಾಡಿದ್ದೆ. ಸುಮಾರು ಎರಡೂವರೆ ಸಾವಿರ ಸಾಲು ಅಳಿಸಿದೆ.

ಆಮೇಲೆ ಗೋಡೆಗೆ ಹಳೇ ಕ್ಯಾಲೆಂಡರ್ ತಿರುಗಿಸಿ ಅಂಟಿಸಿದೆ. ಎಡಕ್ಕೆ ಮಾತಾಡುವವರು, ಮೇಲೆ ಕೇಳುವವರು, ನಡುವಿನ ಚೌಕಗಳಲ್ಲಿ ನೀನು, ನೀವು, ತಾವು. ಅದು ತುಂಬುವವರೆಗೆ ಒಂದು ಸಾಲೂ ಬರೆಯಲಿಲ್ಲ. ತೊರೊಗಾಯಿಗೆ ಈಗ ಅಚ್ಚ ಸರಳ ಕನ್ನಡ, ಆದರೆ ರಾಜಕುಮಾರ ಚಾಗುಮ್‌ಗೂ ‘ನೀನು’. ನಗು ನಿಂತಿತು. ಅರಮನೆಗಾಗಿ ನಕ್ಷತ್ರ ನೋಡುವ ಷುಗಾ ಮೊದಲು ಯಾಕೂಗಳ ಬಗ್ಗೆ ‘ಅವು’ ಅನ್ನುತ್ತಾನೆ, ಕಲ್ಲಿನ ಬರಹ ಓದುತ್ತಾ ಹೋದ ಹಾಗೆ ‘ಅವರು’. ಅದು ನಾನೇ ಹಾಕಿದ್ದು. ಯಾವ ಸಾಲಿನಲ್ಲಿ ಬದಲಾಗುತ್ತದೆ ಅಂತ ಇಲ್ಲಿ ಹೇಳುವುದಿಲ್ಲ, ನೋಡಿದಾಗ ಹಿಡಿಯಿರಿ.

ಖರ್ಚು? ಹೊರಗಿನಿಂದ ತರಿಸಿದ ಡಿವಿಡಿ, ಅದರ ಸುಂಕ ಸೇರಿ ಒಂಬತ್ತು ಸಾವಿರದ ಹತ್ತಿರ. ಜಪಾನಿ ಬಲ್ಲ ಹುಡುಗಿಯೊಬ್ಬಳಿಗೆ ಕಂತಿಗೆ ಮುನ್ನೂರು. ಟಿವಿಯಲ್ಲಿ ಒತ್ತಕ್ಷರ ಒಡೆದು ‘ಕ್ಷ’ ಎರಡು ತುಂಡಾಯಿತು. ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚು ಹಾಕಿದ ಮೇಲೆ ಸರಿಯಾಯಿತು. ಲ್ಯಾಪ್‌ಟಾಪ್ ಫ್ಯಾನ್ ಸುಟ್ಟಿದ್ದು ಲೆಕ್ಕಕ್ಕಿಲ್ಲ.

ನಡುವೆ ಇದೇ ಪಟ್ಟಿಯನ್ನು ಇನ್ನೊಂದು ಅನಿಮೆ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ನಲ್ಲಿ ಸೈನ್ಯ ತುಳಿದ ಇಶ್ವಾಲ್ ಜನರ ಕಂತುಗಳಿಗೂ ಹಚ್ಚಿ ನೋಡಿದೆ. ಅಷ್ಟು ಫಲ ಕೊಡಲಿಲ್ಲ. ಅಲ್ಲಿ ಮಿಲಿಟರಿ ಹುದ್ದೆಯೇ ಎಲ್ಲ ಹೇಳಿಬಿಡುತ್ತದೆ.

ಕೊನೆಯ ಕಂತು ಮೂರು ವಾರ ತಿಂದಿತು. ಅರಮನೆಗೆ ಹೊರಟ ಚಾಗುಮ್ ತನ್ನನ್ನು ಹೆಸರು ಹಿಡಿದು ಕರೆ ಅಂತ, ಇಷ್ಟು ದಿನ ಅವನನ್ನು ಕಾಯ್ದ ಅಂಗರಕ್ಷಕಿ ಬಲ್ಸಾಳನ್ನು ಕೇಳುತ್ತಾನೆ. ಅವನು ಈಗ ಪಟ್ಟಕ್ಕೆ ಏರುವವನು. ‘ಹೋಗಿ ಬನ್ನಿ’ಯೋ, ‘ಹೋಗಿ ಬಾ’ಯೋ? ಹನ್ನೊಂದು ಸಲ ಬದಲಾಯಿಸಿದೆ. ‘ಹೋಗಿ ಬಾ, ಚಾಗುಮ್’ ಉಳಿಯಿತು.